ಬುಡಕ್ಕೆ ಬುಡ

ಯಾಸುಕಿಚಿಗೆ ಕುರ್ಚಿ ತಂದು ಹಾಕಿದರು. ಮಡಚಿ ಇಡುವಂಥ ಅಲ್ಯೂಮಿನಿಯಂ ಕುರ್ಚಿ, ಅದರ ಮೇಲೆ ಹೂವಿನ ಚಿತ್ತಾರದ ದಿಂಬು ಬೇರೆ. ಐವತ್ತೆಂಟು ವರ್ಷ ತೊಲೆಗಳ ಮೇಲೆ ಬೆಕ್ಕಿನ ಹಾಗೆ ಓಡಾಡಿದ ಬಡಗಿಯನ್ನು ಮನೆ ಎದ್ದು ನಿಲ್ಲುವ ದಿನ ದಿಂಬಿನ ಮೇಲೆ ಕೂರಿಸುವುದೂ ಒಂದೇ, ಮಲಗಿಸಿ ಮುಖಕ್ಕೆ ಬಿಳಿ ಬಟ್ಟೆ ಹೊದಿಸುವುದೂ ಒಂದೇ. ಬೇಡವೆಂದರೆ ಬಿಂಕವೆನ್ನುತ್ತಾರೆ, ಕೂತರೆ ಮುದುಕನೆನ್ನುತ್ತಾರೆ. ಯಾವ ಗಳಿಗೆಯಲ್ಲಾದರೂ ಎದ್ದೇನು ಎನ್ನುವವನ ಹಾಗೆ ಅವನು ಅಂಚಿನಲ್ಲಿ ಕೂತ. ಕೂತಲ್ಲಿಂದ ಎಲ್ಲವೂ ಕಾಣುತ್ತಿತ್ತು: ಬೆಳಗಿನಿಂದ ನಿಲ್ಲಿಸಿದ ಕಂಬಗಳು, ಅವುಗಳ ನಡುವೆ ತುಂಡುತುಂಡಾಗಿ ಕೊಲ್ಲಿಯ ನೀರು, ನೀರಿನ ಮೇಲೆ ಸಿಂಪಿ ಸಾಕುವ ತೆಪ್ಪಗಳು, ಮತ್ತು ಹತ್ತಿರದಲ್ಲೇ, ಹುಲ್ಲಿನ ಮೇಲೆ, ಅಕ್ಕಪಕ್ಕ ಮಲಗಿಸಿದ ಎರಡು ಪೈನ್ ತೊಲೆಗಳು. ಆ ಎರಡನ್ನು ಬಿಟ್ಟು ಅವನು ಬೇರೆಲ್ಲವನ್ನೂ ನೋಡುತ್ತಿದ್ದ.

ಏಳು ಗಂಟೆಗೆ ಲಾರಿಯಿಂದ ಅವನ್ನು ಇಳಿಸಿದಾಗಲೇ ನೋಡಿಯಾಗಿತ್ತು. ಬೇಸಿಗೆಯುದ್ದಕ್ಕೂ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ, ಇಲ್ಲ, ಆ ಸಾಯಂಕಾಲ ನಾನು ಸರಿಯಾಗಿಯೇ ಗೆರೆ ಹಾಕಿರಬೇಕು, ತಲೆ ಮಂಕಾಗಿ ಬೇರೆ ಥರ ನೆನಪಾಗುತ್ತಿದೆ, ಎಂದು. ಮರಕ್ಕೆ ಅಂಥ ದಾಕ್ಷಿಣ್ಯವಿಲ್ಲ. ಗಿಣ್ಣುಗಳು ಯಾವ ಕಡೆ ಬಾಗಿವೆಯೋ ಆ ಕಡೆ ತುದಿ, ಈ ಕಡೆ ಬುಡ; ಕುರುಡನೂ ಬೆರಳಾಡಿಸಿ ಹೇಳಿಯಾನು. ಒಂದೇ ಸಾಲಿನಲ್ಲಿ ಎರಡು ತೊಲೆ ಕೂಡಿಸುವಾಗ ಒಂದರ ತುದಿಗೆ ಇನ್ನೊಂದರ ಬುಡ ಬರಬೇಕು, ಒಂದೇ ಮರ ಮುಂದಕ್ಕೆ ಬೆಳೆಯುತ್ತಾ ಹೋದ ಹಾಗೆ. ಬುಡಕ್ಕೆ ಬುಡ ಸೇರಿಸಿದರೆ ಎರಡು ಮರಗಳೂ ಪರಸ್ಪರ ಬೆನ್ನು ಹಾಕಿ ಎರಡು ದಿಕ್ಕಿಗೆ ಹೊರಟ ಹಾಗೆ. ಬಡಗಿಗಳು ಅದಕ್ಕೆ ಅಗಲಿಕೆಯ ಕೂಡಿಕೆ ಎನ್ನುತ್ತಾರೆ. ಮನುಷ್ಯರು ಬಾಳುವ ಮನೆಗೆ, ಅದರಲ್ಲೂ ಗಂಡ ಹೆಂಡತಿ ಮಲಗುವ ಕೋಣೆಯ ಮೇಲೆ, ಹುಚ್ಚು ಹಿಡಿದ ಬಡಗಿಯೂ ಅದನ್ನು ಹಾಕುವುದಿಲ್ಲ. ಇಲ್ಲಿ ಹಾಕಿಯಾಗಿತ್ತು. ಎರಡು ಬುಡಗಳ ಮೇಲೂ ಯಾಸುಕಿಚಿಯ ಕೈಬರಹದ ಮಸಿಯ ಗುರುತು, ಇದಕ್ಕೆ ಇದೇ ಸೇರಬೇಕು ಎಂದು.

ಮೇಲೆ, ಕಂಬಗಳ ನೆತ್ತಿಯಲ್ಲಿ, ಟೊಮೊಜಿ ನಿಂತು ಕ್ರೇನಿನವನಿಗೆ ಕೈಸನ್ನೆ ಮಾಡುತ್ತಿದ್ದ. ನಲವತ್ತೆಂಟು ವರ್ಷದ ಗಂಡಸು, ಮೂರು ಮಕ್ಕಳ ತಂದೆ, ಈ ಕೊಲ್ಲಿಯ ಊರುಗಳಿಗೆಲ್ಲ ಈಗ ಅವನೇ ಮೇಸ್ತ್ರಿ. ಆದರೂ ಹದಿನೈದಕ್ಕೆ ಬಂದು ಸೇರಿದ ಶಿಷ್ಯನ ಹಾಗೆ ಇವತ್ತಿಗೂ ಯಾಸುಕಿಚಿಯ ಎದುರು ಸಿಗರೇಟು ಹಚ್ಚುವುದಿಲ್ಲ. ಮುದುಕನ ಕೈಯಿಂದ ಉಳಿ, ಗರಗಸಗಳು ಒಂದೊಂದಾಗಿ ಜಾರಿದಾಗಲೂ ಮಸಿಗೆರೆಯ ಕೆಲಸವನ್ನು ಮಾತ್ರ ಅವನಿಗೇ ಉಳಿಸಿದ್ದ. ಮರದ ಮುಖ ನೋಡಿ, ಯಾವುದು ಎಲ್ಲಿಗೆ, ಯಾವ ಮಗ್ಗುಲು ಮೇಲಕ್ಕೆ, ಎಲ್ಲಿ ಕೊಯ್ಯಬೇಕು, ಎಷ್ಟು ಆಳಕ್ಕೆ ಕೊರೆಯಬೇಕು ಎಂದು ಮಸಿ ತೋಯಿಸಿದ ನೂಲಿನಿಂದ ಗೆರೆ ಹೊಡೆಯುವ ಕೆಲಸ. ಉಳಿ ಹಿಡಿಯುವವರು ಊರಿಗೆ ನೂರು ಮಂದಿ ಸಿಗುತ್ತಾರೆ. ಗೆರೆ ಹಾಕುವವನೇ ಮನೆಯ ತಲೆ. ಈ ತಲೆಗೆ ಇವತ್ತು ಬೆಳಗ್ಗೆ ಒಂದು ಹಳದಿ ಹೆಲ್ಮೆಟ್ಟು ಇಟ್ಟಿದ್ದರು. ಅದು ಎಷ್ಟು ದೊಡ್ಡದಿತ್ತೆಂದರೆ ಅವನು ಎಡಕ್ಕೆ ತಿರುಗಿದರೆ ಹೆಲ್ಮೆಟ್ಟು ನೆಟ್ಟಗೇ ನೋಡುತ್ತಿತ್ತು. ಕ್ರೇನಿನವನು, ನಿನ್ನೆಮೊನ್ನೆ ಮೀಸೆ ಬಂದವನು, ಕಿಟಕಿಯಿಂದ ತಲೆ ಹಾಕಿ ತಾತಾ ಇನ್ನೂ ಸ್ವಲ್ಪ ಹಿಂದಕ್ಕೆ ಸರೀರಿ ಎಂದ. ಯಾಸುಕಿಚಿ ಕುರ್ಚಿಯ ಸಮೇತ ಸರಿದ. ಅವನಿಗೆ ಒಂದು ಬುಟ್ಟಿ ಓಕ್ ಮರದ ಗೂಟಗಳನ್ನು ಕೊಟ್ಟಿದ್ದರು, ದಪ್ಪ ಸಣ್ಣ ಬೇರೆ ಮಾಡಿ ಎಂದು. ಬೇರೆ ಮಾಡಿಯೇ ತಂದ ಗೂಟಗಳು ಅವು. ಅವನು ಅವನ್ನು ಕಲಸಿ ಮತ್ತೆ ಬೇರೆ ಮಾಡಿದ.

ಹತ್ತು ಗಂಟೆಗೆ ಮಿಟ್ಸುಯೊ ಚಹಾ ತಂದಳು. ಮನೆಯಾಕೆ ಅವಳೇ, ಇಪ್ಪತ್ತೇಳು ವರ್ಷ, ಮೀನು ಮಾರುಕಟ್ಟೆಯಲ್ಲಿ ತೂಕದ ಕೆಲಸ, ಒಂದು ಮಾತಾಡಿದರೆ ಆಚೆ ದಡದ ಕಾಗೆಗಳೂ ಹಾರಬೇಕು ಅಂಥ ಗಂಟಲು. ಗಂಡ ಕುನಿಹಿಕೊ ಟ್ಯೂನಾ ಹಡಗಿನವನು, ಪೆರುವಿನ ಕಡೆಯ ಕಡಲಿನಲ್ಲಿದ್ದಾನೆ. ಹತ್ತು ತಿಂಗಳು ನೀರಿನ ಮೇಲೆ, ಒಂದೂವರೆ ತಿಂಗಳು ನೆಲದ ಮೇಲೆ, ಮತ್ತೆ ಹತ್ತು ತಿಂಗಳು. ಮನೆಯ ನಕ್ಷೆಯನ್ನು ಒಪ್ಪಿದ್ದೂ ಕಾಗದದಲ್ಲಿ, ನೆತ್ತಿಯ ತೊಲೆ ಏರುವ ಇವತ್ತಿಗೆ ಶುಭ ಕೋರಿದ್ದೂ ತಂತಿಯಲ್ಲಿ. ಮದುವೆಯಾಗಿ ನಾಲ್ಕು ವರ್ಷದಲ್ಲಿ ನಾವು ಜೊತೆಗಿದ್ದ ದಿನ ಒಟ್ಟು ಹಾಕಿದರೆ ಒಂದು ಮೂಟೆ ಅಕ್ಕಿಯೂ ಖರ್ಚಾಗಿಲ್ಲ ಎಂದು ಅವಳು ಬಡಗಿಗಳಿಗೆಲ್ಲ ಹೇಳಿ ನಗಿಸಿದಳು. ಎಲ್ಲರಿಗೂ ಸುಟ್ಟ ಸಾನ್ಮಾ ಮೀನು, ಗರಿಗರಿ ಮೂಲಂಗಿ ಉಪ್ಪಿನಕಾಯಿ. ಯಾಸುಕಿಚಿಗೆ ಮಾತ್ರ ಬೇರೆ ತಟ್ಟೆ, ಅದರಲ್ಲಿ ಮೆತ್ತಗಿನ ಹುರುಳಿ ಕಡುಬು. ತಾತಂಗೆ ಹಲ್ಲು ತೊಂದರೆ ಅಂತ ಗೊತ್ತು, ಅದಕ್ಕೇ ನಾನೇ ಮಾಡಿದ್ದು, ಎಂದಳು ಅವಳು, ಎಂಟು ಜನ ಕೇಳುವ ಹಾಗೆ. ಅವಳ ಒಳ್ಳೆಯತನ ಕಡುಬಿನ ಜೊತೆ ಅವನ ಅಂಗುಳಿಗೆ ಅಂಟಿಕೊಂಡಿತು. ಈ ಹುಡುಗಿ ಮಲಗುವುದು ಆ ಎರಡು ತೊಲೆ ಏರುವ ಮೂರನೆಯ ಸಾಲಿನ ಕೆಳಗೆ. ಹತ್ತು ತಿಂಗಳು ಒಬ್ಬಳೇ, ಅಂಗಾತ, ಕಣ್ಣು ಬಿಟ್ಟುಕೊಂಡು. ಮೇಲೆ ಛಾವಣಿಹಲಗೆ, ಅದರ ಮೇಲೆ ಕತ್ತಲು, ಕತ್ತಲಲ್ಲಿ ಬೆನ್ನಿಗೆ ಬೆನ್ನು ಹಾಕಿದ ಎರಡು ಮರ.

ಈಗಲೇ ಹೇಳಿಬಿಡಬೇಕು ಎಂದುಕೊಂಡ. ತೊಲೆ ಇನ್ನೂ ನೆಲದ ಮೇಲಿದೆ. ಹೇಳಿದರೆ ಏನಾಗುತ್ತದೆ? ತಿರುಗಿಸಿ ಇಡಲಾಗುವುದಿಲ್ಲ, ಎರಡೂ ಕೊನೆಗಳನ್ನು ಕೊರೆದಾಗಿದೆ, ಒಂದರ ನಾಲಿಗೆ ಇನ್ನೊಂದರ ಬಾಯಿಗೆ ಮಾತ್ರ. ಹೊಸ ಮರ ಬೇಕು. ಅಷ್ಟುದ್ದದ ಒಣಗಿದ ಪೈನ್ ಹುಡುಕಿ ತರುವುದರೊಳಗೆ ಹಿಮ ಬೀಳುತ್ತದೆ. ನಾಲ್ಕು ಗಂಟೆಗೆ ನೂರು ಮಂದಿ, ಮನೆಯ ನೆತ್ತಿಯಿಂದ ಎಸೆಯುವ ಅಕ್ಕಿಯ ಉಂಡೆ ಹೆಕ್ಕಲು ಬರುವವರಿದ್ದಾರೆ. ಆಮೇಲೆ ಎಲ್ಲರೂ ಕೇಳುತ್ತಾರೆ, ಹೇಗಾಯಿತು ಎಂದು. ಕಣ್ಣು ಕಾಣಲಿಲ್ಲ ಅನ್ನಬಹುದು. ಅದು ಅಷ್ಟು ನಾಚಿಕೆಯ ವಿಷಯವಲ್ಲ, ಎಪ್ಪತ್ತನಾಲ್ಕರ ಕಣ್ಣು. ಮರೆತೆ ಎನ್ನಬಹುದು. ಆದರೆ ಕಣ್ಣು ಕಂಡಿತ್ತು. ಮರೆವೂ ಆಗಿರಲಿಲ್ಲ.

ಮಾರ್ಚ್ ತಿಂಗಳು, ಮರಗೆಲಸದ ಕೊಟ್ಟಿಗೆಯ ಸೂರಿನಿಂದ ಹಿಮ ಕರಗಿ ತೊಟ್ಟಿಕ್ಕುತ್ತಿತ್ತು. ಒಂದೊಂದೇ ಮರಕ್ಕೆ ಗೆರೆ ಹಾಕಿ ಮುಗಿಸಿ ಕೊನೆಗೆ ಉಳಿದದ್ದು ಆ ತೊಲೆ. ಕೊಟ್ಟಿಗೆಗೆ ತಂದು ಹಾಕಿದವರು ಬುಡ ಎಲ್ಲಿ ಬರಬಾರದೋ ಅಲ್ಲಿಗೆ ಹಾಕಿ ಹೋಗಿದ್ದರು. ಈ ಕೊನೆಯನ್ನು ಆ ಕಡೆಗೆ ತಂದರೆ ಮುಗಿಯಿತು, ಆದರೆ ಇಪ್ಪತ್ತಮೂರು ಅಡಿ ಪೈನ್, ನೋಡಿದರೇ ಸೊಂಟ ಉಳುಕುವಷ್ಟು ಭಾರ. ಮೊದಲೆಲ್ಲ ಅವನು ಕೊಕ್ಕೆಗೋಲು ಹಾಕಿ ಒಬ್ಬನೇ ತಿರುಗಿಸುತ್ತಿದ್ದ. ಕೊಕ್ಕೆ ಹಾಕಿದ. ತೊಲೆ ಅರ್ಧ ಮಗ್ಗುಲು ಹೊರಳಿ, ಹಾಸಿಗೆಯಲ್ಲಿ ಎಬ್ಬಿಸಿದವರನ್ನು ಬೈದು ಮತ್ತೆ ಮಲಗುವ ಗಂಡಸಿನ ಹಾಗೆ, ಇದ್ದಲ್ಲೇ ಬಿತ್ತು. ಹೊಟ್ಟೆಗೆ ಬಿಗಿದ ಅಂಡವಾಯುವಿನ ಪಟ್ಟಿ ಕೆಳಕ್ಕೆ ಜಾರಿತು. ಅವನು ಸುತ್ತ ನೋಡಿದ. ಯಾರೂ ಇರಲಿಲ್ಲ. ಹಿಂದಿನ ಕೊಟ್ಟಿಗೆಯಿಂದ ಟೊಮೊಜಿಯ ರೇಡಿಯೋ, ಯಾವುದೋ ಹೆಂಗಸು ಹಾಡುತ್ತಿದ್ದಳು, ಅದರ ಕೆಳಗೆ ಕೀಸುಳಿ ಉಜ್ಜುವ ಸದ್ದು. ಹೋದ ವಾರವಷ್ಟೇ ಅವನು ಹೇಳಿದ್ದ, ಮುಂದಿನ ವರ್ಷದಿಂದ ಮರವನ್ನು ಕಾರ್ಖಾನೆಯ ಮಿಷನ್ನಿಗೇ ಕೊಡಬೇಕಾಗುತ್ತದೆ ಮೇಸ್ತ್ರೀ, ಕೈಯಲ್ಲಿ ಮಾಡುವುದು ಇದೇ ಕೊನೆ ಇರಬಹುದು, ಎಂದು. ಕೊನೆಯ ಮನೆಯ ಕೊನೆಯ ತೊಲೆಗೆ ತಿರುಗಿಸಿಕೊಡಿ ಎಂದು ಕೈಚಾಚುವುದೆ? ಅವನು ಪಟ್ಟಿಯನ್ನು ಮೇಲಕ್ಕೆಳೆದುಕೊಂಡು ನಾಳೆ ನೋಡೋಣ ಎಂದುಕೊಂಡ. ಸಾಯಂಕಾಲ ಟೊಮೊಜಿ ಬಂದು ಎಲ್ಲಾ ಆಯ್ತಾ ಎಂದು ಕೇಳಿದ. ಆಯ್ತು ಎಂದ. ಬಾಯಿಂದ ಬಂದ ಮಾತಿಗೆ ಮರ್ಯಾದೆ ಕೊಡಬೇಕಲ್ಲ. ನೀನು ಊಟಕ್ಕೆ ಹೋಗು, ಹಿಂದೆಯೇ ಬರುತ್ತೇನೆಂದು ಅವನನ್ನು ಕಳಿಸಿ, ಮುಸ್ಸಂಜೆಯ ಬೆಳಕಿನಲ್ಲಿ, ತೊಲೆ ಹೇಗೆ ಮಲಗಿತ್ತೋ ಹಾಗೆಯೇ ನೂಲು ಬಿಗಿದು ಗೆರೆ ಹೊಡೆದ. ಗೆರೆ ಕೂದಲಿನಷ್ಟು ತೆಳ್ಳಗೆ, ಎಲ್ಲೂ ನಡುಗದೆ ಬಂತು. ಅಂಥ ಚೆಂದದ ಗೆರೆಯನ್ನು ಅವನು ಹತ್ತು ವರ್ಷದಲ್ಲಿ ಹೊಡೆದಿರಲಿಲ್ಲ.

ಗೂಟವೊಂದು ಕೈಯಿಂದ ಜಾರಿ ಹುಲ್ಲಿಗೆ ಬಿತ್ತು. ಅದನ್ನು ಹೆಕ್ಕಲು ಮೂವರು ಒಟ್ಟಿಗೆ ಬಗ್ಗಿದರು, ಯಾಸುಕಿಚಿಯನ್ನು ಬಿಟ್ಟು. ಹೆಕ್ಕಿಕೊಟ್ಟವಳು ಮಿಟ್ಸುಯೊ. ತಾತ ಒಬ್ಬರೇ ಇರೋದಾ ಎಂದು ಕೇಳಿದಳು. ಹೂಂ ಎಂದ. ಎಷ್ಟು ವರ್ಷದಿಂದ ಎಂದಳು. ಹದಿನಾರು ಎಂದು ಬಾಯಿ ಹೇಳಿತು. ಸುಳ್ಳು. ಹೆಂಡತಿ ಫುಕಿ ಸತ್ತು ಹದಿನಾರು. ಒಬ್ಬರೇ ಇದ್ದದ್ದು ಮದುವೆಯ ಮೊದಲ ವಾರದಿಂದಲೇ, ಒಂದೇ ಮನೆಯಲ್ಲಿ ಅವಳೊಬ್ಬಳು, ದೇಶದ ಉಳಿದ ಮನೆಗಳಲ್ಲೆಲ್ಲ ಅವನು. ಈ ಕಡೆಯ ಬಡಗಿಗಳು ವರ್ಷಕ್ಕೆ ಒಂಬತ್ತು ತಿಂಗಳು ಪರವೂರಿನಲ್ಲಿ ಮನೆ ಕಟ್ಟುವವರು. ಹಬ್ಬಕ್ಕೆ ಬರುತ್ತಾರೆ, ಹೆಂಡತಿಯ ಹೊಟ್ಟೆ ದೊಡ್ಡದು ಮಾಡಿ ಹೋಗುತ್ತಾರೆ, ಅದೂ ಆಗದಿದ್ದರೆ ಬರಿದೇ ಹೋಗುತ್ತಾರೆ. ಇನ್ನೂರು ಮನೆಯ ಬಾಗಿಲುಗಳನ್ನು ಒಂದು ಬೆರಳಿನಲ್ಲಿ ಸರಿಯುವ ಹಾಗೆ ಮಾಡಿಕೊಟ್ಟವನ ಹೆಂಡತಿ ತನ್ನ ಅಡುಗೆಮನೆಯ ಬಾಗಿಲನ್ನು ಮೂವತ್ತು ವರ್ಷ ಮೊಣಕಾಲಿನಿಂದ ಗುದ್ದಿ ತೆಗೆದಳು. ಬಂದಾಗಲೆಲ್ಲ ನಾಳೆ ಸರಿಮಾಡುತ್ತೇನೆ ಎನ್ನುತ್ತಿದ್ದ. ಅವನು ಸೆಂಡಾಯಿಯಲ್ಲಿ ಒಂದು ದೇವಸ್ಥಾನದ ಅಡುಗೆಶಾಲೆ ಎಬ್ಬಿಸುತ್ತಿದ್ದಾಗ ಅವಳಿಗೆ ಜ್ವರ ಬಂತಂತೆ, ನಾಲ್ಕು ದಿನ. ಪಕ್ಕದ ಮನೆಯವರು ತಂತಿ ಕೊಡುತ್ತೇವೆ ಎಂದರೆ ಬೇಡ, ಅವರ ಕೆಲಸ ಅರ್ಧದಲ್ಲಿದೆ ಎಂದಳಂತೆ. ಅವನು ಬಂದಾಗ ಫುಕಿ ಬೂದಿಯಾಗಿ, ಬಿಳಿ ಬಟ್ಟೆ ಸುತ್ತಿದ ಪೆಟ್ಟಿಗೆಯಲ್ಲಿ ಕೂತಿದ್ದಳು. ಅವನಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಕರೆಯಬಾರದಿತ್ತೇ ಎಂದು ಪೆಟ್ಟಿಗೆಯನ್ನು ಬೈದ. ಆಮೇಲೆ ಎದ್ದು ಅಡುಗೆಮನೆಯ ಬಾಗಿಲನ್ನು ಕಳಚಿ, ಇಡೀ ಮಧ್ಯಾಹ್ನ ಕೂತು ಕೀಸಿ, ಮೇಣ ಹಚ್ಚಿ, ಮತ್ತೆ ಕೂರಿಸಿದ. ಅದು ಉಸಿರು ಬಿಟ್ಟರೆ ಸರಿಯುತ್ತಿತ್ತು. ಸರಿಸುವವರಿರಲಿಲ್ಲ.

ಹನ್ನೊಂದೂವರೆಗೆ ಕ್ರೇನು ಮೊದಲನೆಯ ತೊಲೆಯನ್ನು ಎತ್ತಿತು, ಹಿಂದೆಯೇ ಎರಡನೆಯದನ್ನು. ಮಾರ್ಚಿನಲ್ಲಿ ಅಲುಗದ ಆ ಹೆಣಭಾರ ಒಂದು ಕಬ್ಬಿಣದ ಹಗ್ಗಕ್ಕೆ ಜೋತುಬಿದ್ದು, ಗಾಳಿಯಲ್ಲಿ ಲೀಲೆಯಿಂದ ಪೂರ್ತಿ ಒಂದು ಸುತ್ತು ತಿರುಗಿತು. ಬೇಕೆಂದೇ ಅಣಕಿಸಿದ ಹಾಗೆ, ಬುಡ ಆ ಕಡೆ, ಬುಡ ಈ ಕಡೆ. ಯಾಸುಕಿಚಿ ಕುರ್ಚಿಯಿಂದ ಎದ್ದು ನಿಂತ. ಅವನು ತೊಲೆಯನ್ನು ನೋಡುತ್ತಿರಲಿಲ್ಲ, ಟೊಮೊಜಿಯ ಮುಖವನ್ನು ನೋಡುತ್ತಿದ್ದ. ಅವನಿಗೆ ಬುಡ ತುದಿ ಕಲಿಸಿದ್ದು ತಾನೇ. ಕಣ್ಣಿಗೆ ಬಟ್ಟೆ ಕಟ್ಟಿ ಮರ ಮುಟ್ಟಿಸಿ ಹೇಳಿಸುತ್ತಿದ್ದ, ತಪ್ಪಾದರೆ ಆ ಹೊತ್ತಿನ ಊಟವಿಲ್ಲ. ನೋಡುತ್ತಾನೆ ಈಗ. ಈಗ ಕೈ ಎತ್ತಿ ನಿಲ್ಲಿಸುತ್ತಾನೆ. ಟೊಮೊಜಿ ಕೈ ಎತ್ತಿದ್ದು ನಿಧಾನ, ಇಳಿಸು, ಇನ್ನೂ ಇಳಿಸು ಎನ್ನುವುದಕ್ಕೆ. ನಾಲಿಗೆ ಬಾಯಿಯ ಮೇಲೆ ಕೂತಿತು. ದೊಡ್ಡ ಕೊಡತಿಯಿಂದ ಮೂರು ಪೆಟ್ಟು. ಮೊದಲ ಪೆಟ್ಟಿನ ಸದ್ದು ಟೊಳ್ಳು, ಎರಡನೆಯದು ಬಿಗಿ, ಮೂರನೆಯದಕ್ಕೆ ಸದ್ದೇ ಬದಲಾಗಿ ಇಡೀ ಚೌಕಟ್ಟು ಒಂದೇ ಮರದ ಹಾಗೆ ಮಾತಾಡಿತು. ಕೆಳಗಿದ್ದವರು ಆಹಾ ಎಂದರು. ಕೂಡಿಕೆಯಲ್ಲಿ ಕಾಗದ ತೂರಿಸಲೂ ಸಂದಿಲ್ಲ ಎಂದು ಒಬ್ಬ ಕೂಗಿ ಹೇಳಿದ. ಯಾಸುಕಿಚಿಗೆ ಒಂದು ಕ್ಷಣ ಸುಖವಾಯಿತು, ಅದೇ ಅವನಿಗೆ ಎಲ್ಲಕ್ಕಿಂತ ಹೆಚ್ಚು ಹೇಸಿಗೆಯೆನಿಸಿತು.

ಮಧ್ಯಾಹ್ನದ ಊಟದ ಹೊತ್ತಿಗೆ ಎರಡು ಸಲ ಟೊಮೊಜಿಯ ಹತ್ತಿರ ಹೋದ. ಒಂದು ಸಲ ಅವನು ಟೈಲಿನವನ ಜೊತೆ ಮಾತಾಡುತ್ತಿದ್ದ, ಇನ್ನೊಂದು ಸಲ ಟೊಮೊಜಿ ತಾನೇ ಎದ್ದು, ಹೋಗಬೇಕಾ ಮೇಸ್ತ್ರೀ, ಆ ಕಡೆ ಇದೆ, ಎಂದು ಬಯಲಿಗೆ ಹೋಗುವ ದಾರಿ ತೋರಿಸಿದ. ಮುದುಕರು ಹತ್ತಿರ ಬಂದರೆ ಕಾರಣ ಅದೊಂದೇ ಎಂದು ಲೋಕ ತೀರ್ಮಾನ ಮಾಡಿದೆ. ಅವನು ಹೋಗಿ, ಬಾರದ ಉಚ್ಚೆಗೆ ಪೊದೆಯ ಹಿಂದೆ ನಿಂತ. ನಿಂತಲ್ಲೇ ಹಳೆಯದೊಂದು ನೆನಪಾಯಿತು. ಆಗ ಟೊಮೊಜಿಗೆ ಹದಿನಾರು ವರ್ಷ; ಬೋಳಿಸಿದ ತಲೆ, ಕೈಯಲ್ಲಿ ಉಳಿ. ಮೇಸ್ತ್ರೀ, ಈ ಗೆರೆ ಸ್ವಲ್ಪ ಆ ಕಡೆ ಹೋಗಿಲ್ವಾ, ಎಂದು ಹುಡುಗ ಕೇಳಿದ್ದ, ಆರು ಜನ ಬಡಗಿಗಳ ಎದುರು. ಯಾಸುಕಿಚಿ ಕಬ್ಬಿಣದ ಮೂಲೆಮಟ್ಟವನ್ನು ಎತ್ತಿ ಆ ಬೋಳುತಲೆಗೆ ಹೊಡೆದಿದ್ದ. ಮಸಿಗೆರೆಯನ್ನ ಕೇಳಬಾರದು, ಕೊಯ್ಯಬೇಕು, ಎಂದಿದ್ದ. ಗೆರೆ ಹೋಗಿತ್ತು, ಆ ಕಡೆಗೆ, ಒಂದು ಅಕ್ಕಿಕಾಳಿನಷ್ಟು. ತಪ್ಪು ಗೆರೆಯನ್ನು ಅಳಿಸಬಾರದು, ಅದರ ಮೇಲೆ ಕೊಕ್ಕೆಯ ಗುರುತು ಹಾಕಿ ಪಕ್ಕದಲ್ಲಿ ಸರಿಯಾದ್ದನ್ನು ಎಳೆಯಬೇಕು, ಕೊಯ್ಯುವವನಿಗೆ ಎರಡೂ ಕಾಣಲಿ ಎಂದು. ಬಡಗಿಗಳ ಪದ್ಧತಿ ಅದು. ಎಲ್ಲರೂ ಸ್ನಾನಕ್ಕೆ ಹೋದಾಗ ಅವನು ಆ ಗೆರೆಯನ್ನು ಕೀಸಿ ಹಾಕಿ, ಗುರುತೇ ಇಲ್ಲದ ಬಿಳಿ ಮರದ ಮೇಲೆ ಹೊಸದು ಹೊಡೆದಿದ್ದ. ಬೆಳಗ್ಗೆ ಹುಡುಗ ಅದನ್ನು ನೋಡಿ, ಏನೂ ಹೇಳದೆ, ಉಳಿ ಇಟ್ಟು ಕೊಯ್ದಿದ್ದ. ಅಂದಿನಿಂದ ಮೂವತ್ತೆರಡು ವರ್ಷ ಅವನು ಒಂದು ಗೆರೆಯನ್ನೂ ಕೇಳಿಲ್ಲ.

ಮೂರು ಗಂಟೆಯ ಚಹಾಕ್ಕೆ ಎಲ್ಲರೂ ಕೆಳಗಿಳಿದರು. ಇನ್ನು ಉಳಿದದ್ದು ನೆತ್ತಿಯ ತೊಲೆ ಒಂದೇ. ಅದೂ ಏರಿದರೆ ಮನೆ ಮನೆಯಾಗುತ್ತದೆ, ಆಮೇಲೆ ಮುಟ್ಟುವಂತಿಲ್ಲ. ಆಗಲೇ ಊರಿನ ಹೆಂಗಸರು ಉಂಡೆಗಳಿಗೆಂದು ಚೀಲ ಹಿಡಿದು ಒಬ್ಬೊಬ್ಬರಾಗಿ ಬೇಲಿಯ ಹತ್ತಿರ ಸೇರುತ್ತಿದ್ದರು. ಯಾಸುಕಿಚಿ ಹೆಲ್ಮೆಟ್ಟು ತೆಗೆದು ಕುರ್ಚಿಯ ಮೇಲಿಟ್ಟ. ಹೇಳಲು ಹೊರಟವನ ದನಿ ತನಗೇ ಬೇರೆಯವರದ್ದಾಗಿ ಕೇಳಿಸಿತು.

"ಟೊಮೊಜಿ, ಆ ಮೂರನೇ ಸಾಲು ನೋಡ್ದ್ಯಾ?"

"ನೋಡ್ದೆ ಮೇಸ್ತ್ರೀ. ಆ ತೊಲೆಗೆ ಉಳಿ ಇಟ್ಟ ದಿನಾನೇ ನೋಡ್ದೆ."

"ನೋಡಿ?"

"ನೀವು ಹಾಕಿದ ಗೆರೆ. ಏನೋ ಕಾರಣ ಇರ್ತದೆ ಅಂದ್ಕೊಂಡೆ." ಟೊಮೊಜಿ ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ ಕತ್ತು ಒರೆಸಿಕೊಂಡ. "ಅವತ್ತಿಂದ ಯೋಚ್ನೆ ಮಾಡ್ತಿದ್ದೀನಿ, ಹೊಳೀಲಿಲ್ಲ. ಈಗ ನೀವೇ ಬಾಯಿ ಬಿಟ್ರಲ್ಲ. ಹೇಳಿ, ಯಾಕೆ ಹಂಗೆ?"

ಅವನ ಮುಖದಲ್ಲಿ ಕುಹಕವಿರಲಿಲ್ಲ. ಅದಿದ್ದಿದ್ದರೆ ಎಷ್ಟು ಹಗುರವಾಗುತ್ತಿತ್ತು. ನಲವತ್ತೆಂಟು ವರ್ಷದ ಆ ಮುಖ ಬಾಯಾರಿದವನ ಹಾಗೆ ಕಾಯುತ್ತಿತ್ತು, ಕೊನೆಗೂ ಮೇಸ್ತ್ರಿ ತನಗೆ ಇನ್ನೊಂದು ವಿದ್ಯೆ ಕೊಡುತ್ತಾನೆ ಎಂದು. ಉಳಿದ ಬಡಗಿಗಳೂ ಬಟ್ಟಲು ಹಿಡಿದು ತಿರುಗಿದರು. ಕೆಟಲು ಹಿಡಿದ ಮಿಟ್ಸುಯೊ ಮೇಲೆ ನೋಡಿದಳು, ಕೆಳಗೆ ನೋಡಿದಳು, ಏನಾಗಿದೆ ತಾತ ನನ್ನ ಮನೆಗೆ ಎಂದಳು. ಅವಳ ಗಂಟಲು ಮೊದಲ ಬಾರಿ ಸಣ್ಣದಾಗಿತ್ತು. ಯಾರೋ ಒಬ್ಬ ಆಗಲೇ ಅವಳಿಗೆ ವಿವರಿಸತೊಡಗಿದ, ಎರಡೂ ಬುಡ ಒಂದೇ ಕಡೆ ಬಂದರೆ ಅದಕ್ಕೆ ಅಗಲಿಕೆಯ, ಎಂದು ಅಲ್ಲಿಗೆ ನಿಲ್ಲಿಸಿ ನಾಲಿಗೆ ಕಚ್ಚಿಕೊಂಡ. ಅವಳ ಮುಖದ ಬಣ್ಣ ಇಳಿಯುತ್ತಿರುವುದನ್ನು ಯಾಸುಕಿಚಿ ನೋಡಿದ. ಇಪ್ಪತ್ತು ಕಣ್ಣು ಅವನ ಮೇಲೆ. ತಿರುಗಿಸಲು ಆಗಲಿಲ್ಲ ಎನ್ನಲು ಬಾಯಿ ತೆರೆದ.

"ಹಡಗಿನವ್ರ ಮನೆಗೆ ಹಂಗೇ," ಎಂದ ಅವನು. "ಒಂದು ಮರ ಕಡಲ ಕಡೆ ಹೋಗ್ತದೆ, ಒಂದು ಬೆಟ್ಟದ ಕಡೆ. ಎಷ್ಟು ದೂರ ಬೇಕಾದ್ರೂ ಹೋಗ್ಲಿ. ಬುಡ ಮಾತ್ರ ಎರಡೂ ಇಲ್ಲೇ, ಒಂದನ್ನೊಂದು ಕಚ್ಕೊಂಡಿರ್ತವೆ. ಬಿಚ್ಚೋಕಾಗಲ್ಲ."

ಸುಳ್ಳು ಅಷ್ಟು ಚೆಂದವಾಗಿ, ಆ ಸಾಯಂಕಾಲದ ಗೆರೆಯ ಹಾಗೆ, ಎಲ್ಲೂ ನಡುಗದೆ ಬಂತು. ಅವನ ಮೇಸ್ತ್ರಿ ಹೇಳಿದ್ದು, ಅವರ ಮೇಸ್ತ್ರಿಗೆ ಅವರ ಮೇಸ್ತ್ರಿ ಹೇಳಿದ್ದು ಎನ್ನುವಷ್ಟು ಹಳೆಯದಾಗಿ ಕೇಳಿಸಿತು. ಮಿಟ್ಸುಯೊ ಕೆಟಲನ್ನು ನೆಲಕ್ಕಿಟ್ಟು, ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತಳು. ಮುಖ ತೆಗೆದಾಗ, ಇದನ್ನ ಅವರಿಗೆ ಇವತ್ತೇ ತಂತಿ ಕೊಡುತ್ತೇನೆ, ಒಂದಕ್ಷರ ಬಿಡುವುದಿಲ್ಲ, ಎಂದಳು. ಯಾರೂ ಅನುಮಾನಿಸಲಿಲ್ಲ. ಯಾಸುಕಿಚಿ ಒಬ್ಬೊಬ್ಬರ ಮುಖವನ್ನೂ ಹುಡುಕಿದ. ಸತ್ತುಹೋದ ತನ್ನ ಓರಗೆಯ ಬಡಗಿಗಳಲ್ಲಿ ಯಾವನಾದರೂ ಒಬ್ಬ ಇದ್ದಿದ್ದರೆ, ಥೂ ಮುದಿಯಾ, ಯಾವ ಬಾಯಲ್ಲಿ ಹೇಳುತ್ತೀಯೋ, ಎಂದು ಕ್ಯಾಕರಿಸುತ್ತಿದ್ದ. ಅಂಥವರೆಲ್ಲ ಬೆಟ್ಟದ ಮೇಲೆ ಕಲ್ಲುಗಳ ಕೆಳಗಿದ್ದರು. ಟೊಮೊಜಿ ಕಿವಿಯಿಂದ ಪೆನ್ಸಿಲ್ ತೆಗೆದು, ಮನೆಯ ನಕ್ಷೆ ಬರೆದ ಹಲಗೆಯ ಹತ್ತಿರ ಹೋಗಿ, ಮೂರನೆಯ ಸಾಲಿನ ಪಕ್ಕದಲ್ಲಿ ಬಗ್ಗಿ ಬರೆದ: ಹಡಗಿನವರ ಮನೆ, ಬುಡಕ್ಕೆ ಬುಡ. ದುಂಡಗಿನ, ಒತ್ತಿ ಬರೆದ ಅಕ್ಷರಗಳು. ಅವನಿಗೆ ಹಾಗೆ ಬರೆಯಲು ಕಲಿಸಿದ್ದೂ ಯಾಸುಕಿಚಿಯೇ.

ಆಮೇಲಿನದೆಲ್ಲ ಅವನ ಕಣ್ಣೆದುರು ನೀರಿನೊಳಗೆ ನಡೆದ ಹಾಗೆ ನಡೆಯಿತು. ನೆತ್ತಿಯ ತೊಲೆ ಏರಿತು. ಕಂಬಕ್ಕೆ ಸಾಕೆ, ಅಕ್ಕಿಯ ಹೆಂಡ, ಸುರಿದರು. ಮಿಟ್ಸುಯೊ ಗಂಡನ ಬದಲು ತಾನೇ ಏಣಿ ಹತ್ತಿ ಮೇಲೆ ನಿಂತು ಕೆಂಪು ಬಿಳಿ ಉಂಡೆಗಳನ್ನು ಎಸೆದಳು, ಮಾರುಕಟ್ಟೆಯಲ್ಲಿ ಐಸು ಎಸೆದ ಹಾಗೆ. ಕೆಳಗೆ ಹೆಂಗಸರು ಒಬ್ಬರ ಕಾಲು ಒಬ್ಬರು ತುಳಿದು, ಅಜ್ಜಿಯರು ಏಪ್ರನ್ ಹರಡಿ, ವರ್ಷದಿಂದ ಅನ್ನ ಕಾಣದವರ ಹಾಗೆ ಮುಗಿಬಿದ್ದರು. ಒಂದು ಉಂಡೆ ಯಾಸುಕಿಚಿಯ ಎದೆಗೆ ಬಡಿದು ಮಡಿಲಿಗೆ ಬಿತ್ತು. ಎಲ್ಲರೂ ನಕ್ಕರು, ಅದೃಷ್ಟ ಅಂದರೆ ತಾತಂದು, ಎಂದರು. ಇಳಿದು ಬಂದ ಬಡಗಿಗಳು ಹೊಸ ವಿದ್ಯೆಯ ಮಾತನ್ನು ಆಗಲೇ ಟೈಲಿನವನಿಗೆ, ಅವನು ಗಾರೆಯವನಿಗೆ ದಾಟಿಸುತ್ತಿದ್ದರು. ಪ್ರತಿಯೊಬ್ಬನ ಬಾಯಲ್ಲೂ ಅದು ಒಂದೊಂದು ಸುತ್ತು ದಪ್ಪಗಾಗುತ್ತಿತ್ತು.

ಬೆಳಕು ಇಳಿಯುವ ಹೊತ್ತಿಗೆ ಅವನನ್ನು ಮನೆಗೆ ಬಿಟ್ಟುಬರಲು ಹೊರಟರು. ಮನೆ ಎದ್ದ ದಿನ ಮೇಸ್ತ್ರಿಯನ್ನು ಮೆರವಣಿಗೆಯಲ್ಲಿ ಮನೆಗೆ ಮುಟ್ಟಿಸಬೇಕು, ಅದೊಂದು ಸಾಲ ಬಾಕಿಯಿದ್ದ ಹಾಗೆ. ಟೊಮೊಜಿ ತಾನು ಹಿಂದೆ ಸರಿದು, ಇವತ್ತು ನೀವೇ, ಎಂದಿದ್ದ. ಮುಂದೆ ಐದು ಬಣ್ಣದ ಬಾವುಟ, ಹಿಂದೆ ಇಪ್ಪತ್ತು ಮಂದಿ ಕುಡಿದ ದನಿಯಲ್ಲಿ ದಿಮ್ಮಿ ಎಳೆಯುವ ಹಾಡು, ಕೊನೆಯಲ್ಲಿ ಟೊಮೊಜಿಯ ಸಣ್ಣ ಲಾರಿ. ನಡುವೆ ಯಾಸುಕಿಚಿ, ಒಂದು ಕೈಯಲ್ಲಿ ಸಾಕೆಯ ಸೀಸೆ, ಇನ್ನೊಂದರಲ್ಲಿ ಹುಲ್ಲಿನಲ್ಲಿ ಸುತ್ತಿದ ಕೆಂಪು ಮೀನು. ದಾರಿಯ ಮನೆಗಳವರು ಹೊರಬಂದು ಬಗ್ಗಿ ನಮಸ್ಕಾರ ಮಾಡಿದರು. ಇಷ್ಟು ಮಂದಿಯ ನಡುವೆ ನಡೆಯುವಾಗ ಮನುಷ್ಯನಿಗೆ ತನ್ನ ಹೆಜ್ಜೆಯ ಸದ್ದು ಕೇಳಬಾರದು. ಅವನಿಗೆ ಅದೊಂದೇ ಕೇಳುತ್ತಿತ್ತು. ಬಾಗಿಲಿನಲ್ಲಿ ಮೂರು ಸಲ ಚಪ್ಪಾಳೆ ತಟ್ಟಿ, ಹಾಡು ಮುಗಿಸಿ, ಅವರೆಲ್ಲ ಉಳಿದ ಸಾಕೆಯ ಕಡೆ ಓಡಿಹೋದರು. ಟೊಮೊಜಿ ಉಳಿದ. ಒಳಗೆ ಬಂದು ದೀಪದ ಗುಂಡಿ ಒತ್ತಿ, ಮೀನನ್ನು ಅಡುಗೆಮನೆಯಲ್ಲಿಟ್ಟು, ಮತ್ತೆ ಬಾಗಿಲಿಗೆ ಬಂದ. ಯಾಸುಕಿಚಿ ಜಗುಲಿಯ ಮೆಟ್ಟಿಲ ಮೇಲೆ ಕೂತಿದ್ದ.

"ಮೇಸ್ತ್ರೀ, ಒಂದು ಮಾತು. ಮೇಲಿನ ಕೇರಿಯ ಓಯಿಕಾವಾ ಅವ್ರದೂ ಹಡಗಿನ ಮನೆಯೇ. ಮುಂದಿನ ವರ್ಷ ಎಬ್ಬಿಸ್ಬೇಕು. ಮಿಷನ್ನಿನವ್ರಿಗೆ ಹೇಳಿ ಅದಕ್ಕೂ ಹಂಗೇ ಮಾಡಿಸ್ಲಾ?"

ಹೂಂ ಎಂದರೆ ಸಾಕಿತ್ತು. ಒಂದು ಹೂಂ, ಮತ್ತೆ ಈ ಕೊಲ್ಲಿಯ ಹಡಗಿನ ಮನೆಗಳಲ್ಲೆಲ್ಲ, ಇನ್ನೂ ಹುಟ್ಟದ ಬಡಗಿಗಳ ಕೈಯಲ್ಲಿ, ಬುಡಕ್ಕೆ ಬುಡ. ಬೇಡ ಎಂದರೆ ಯಾಕೆ ಎನ್ನುತ್ತಾನೆ. ಯಾಸುಕಿಚಿ ತನ್ನ ಮೊಣಕಾಲುಗಳನ್ನು ನೋಡಿದ.

"ತಿರುಗ್ಸೋಕಾಗ್ಲಿಲ್ಲ ಕಣೋ," ಎಂದ. "ಮರ ಉಲ್ಟಾ ಬಿದ್ದಿತ್ತು. ನೋಡ್ದೆ. ಕೊಕ್ಕೆ ಹಾಕ್ದೆ, ಆಗ್ಲಿಲ್ಲ. ಇದ್ದ ಹಂಗೇ ಗೆರೆ ಹಾಕ್ಬಿಟ್ಟೆ. ಬೇರೆ ಏನೂ ಇಲ್ಲ."

ಟೊಮೊಜಿ ಕೇಳಿದ್ದು ತೊಲೆಯ ವಿಷಯವಲ್ಲ.

"ಅವತ್ತು ನಾನೆಲ್ಲಿದ್ದೆ?"

"ಹಿಂದಿನ ಕೊಟ್ಟಿಗೇಲಿ. ರೇಡಿಯೋ ಹಾಕ್ಕೊಂಡು ಹಲಗೆ ಕೀಸ್ತಿದ್ದೆ."

"ಮೂವತ್ತು ಹೆಜ್ಜೆ."

"ಹೂಂ."

"ಒಂದ್ಸಲ ಟೊಮೊಜಿ ಅಂದಿದ್ರೆ ಸಾಕಾಗಿತ್ತು." ಅವನ ದನಿ ಏರಲಿಲ್ಲ. ಮೂಲೆಮಟ್ಟದಿಂದ ಹೊಡೆದಿದ್ದರೆ ಇದಕ್ಕಿಂತ ಮೆತ್ತಗಿರುತ್ತಿತ್ತು. "ಮೂವತ್ಮೂರು ವರ್ಷ ನಿಮ್ಮ ಜೊತೆ ಇದ್ದೀನಿ. ಕರೆಯೋಕೆ ನಾಚ್ಕೆ ಆಗೋವಷ್ಟು ದೂರದವನಾ ನಾನು?"

ಯಾಸುಕಿಚಿ, ನಾಳೆ ಬೆಳಗ್ಗೆ ಆ ಹುಡುಗಿಗೆ ತಾನೇ ಹೋಗಿ ಹೇಳುತ್ತೇನೆ, ಅವಳು ತೊಲೆ ಇಳಿಸಿ ಎಂದರೆ ಇಳಿಸಬೇಕಾಗುತ್ತದೆ, ಎಂದ. ಹೇಳಿ, ಎಂದ ಟೊಮೊಜಿ. ತಲೆ ಬಗ್ಗಿಸಿ, ಬಾಗಿಲು ಸರಿಸಿ, ಹೊರಗೆ ಹೋದ. ಲಾರಿಯ ಬಾಗಿಲು ಮುಚ್ಚಿದ್ದು ಕೇಳಿಸಿತು.

ಯಾಸುಕಿಚಿ ಬೂಟು ಬಿಚ್ಚತೊಡಗಿದ. ಬಡಗಿಗಳ ಬಟ್ಟೆಬೂಟು, ಹೆಬ್ಬೆರಳು ಬೇರೆ, ಹಿಮ್ಮಡಿಯ ಮೇಲಿಂದ ಸಾಲಾಗಿ ಹಿತ್ತಾಳೆಯ ಕೊಕ್ಕೆಗಳು. ಬಲಗಾಲಿನದು ಹೇಗೋ ಬಂತು. ಎಡಗಾಲಿನದಕ್ಕೆ ಪಟ್ಟಿ ಬಿಗಿದ ಹೊಟ್ಟೆ ಅಡ್ಡ ಬರುತ್ತಿತ್ತು. ಬೆರಳು ಕೊಕ್ಕೆಯನ್ನು ಮುಟ್ಟುತ್ತಿತ್ತು, ಹಿಡಿಯುತ್ತಿರಲಿಲ್ಲ. ಬಗ್ಗಿದ, ಎದ್ದು ಉಸಿರೆಳೆದ, ಮತ್ತೆ ಬಗ್ಗಿದ. ದಿನವೂ ಇಷ್ಟೇ ಹೊತ್ತು ಹಿಡಿಯುತ್ತದೆ. ಕೆಲವು ದಿನ ಹಾಗೇ ಒಂದು ಕಾಲಿನ ಬೂಟಿನಲ್ಲೇ ಜಗುಲಿಯ ಮೇಲೆ ಒರಗಿ ನಿದ್ದೆ ಮಾಡಿದ್ದೂ ಉಂಟು, ಅದನ್ನು ನೋಡಿದವರಿಲ್ಲ. ಕೊನೆಗೆ ಕೈ ಬಿಟ್ಟು ಸುಮ್ಮನೆ ಕೂತ. ಆಗ ಅವನಿಗೆ ಗೊತ್ತಾಯಿತು, ಇಷ್ಟು ಹೊತ್ತಾದರೂ ಲಾರಿಯ ಇಂಜಿನ್ನು ಶುರುವಾಗಿಲ್ಲ. ಹೊರಗೆ, ಬೇಲಿಯಾಚೆ, ದೀಪವನ್ನೂ ಹಚ್ಚದೆ ಅದು ನಿಂತೇ ಇತ್ತು. ಅವನು ಕಿವಿಗೊಟ್ಟು ಕಾದ. ಈಗ ಶುರುವಾಗುತ್ತದೆ, ಹೊರಟುಹೋಗುತ್ತದೆ, ಆಮೇಲೆ ನಿಧಾನವಾಗಿ ಬಿಚ್ಚಿದರಾಯಿತು ಎಂದುಕೊಂಡ. ಶುರುವಾಗಲಿಲ್ಲ.

"ಟೊಮೊಜೀ," ಎಂದ ಅವನು. ದನಿ ಬಾಗಿಲಿನ ತನಕವೂ ಹೋಗಲಿಲ್ಲ. ಗಂಟಲು ಸರಿಮಾಡಿಕೊಂಡು, ತೊಲೆಯ ಮೇಲಿಂದ ಕೆಳಗಿನವರನ್ನು ಕೂಗುವಾಗಿನ ದನಿಯನ್ನು ಎಲ್ಲಿಂದಲೋ ಎಳೆದು ತಂದ. "ಟೊಮೊಜೀ, ಈ ಕಾಲಿಂದು ಬಿಚ್ಚೋಕಾಗ್ತಿಲ್ಲ. ಸ್ವಲ್ಪ ಬಾರೋ."

ಬೇಲಿಯಾಚೆ ಲಾರಿಯ ಬಾಗಿಲು ತೆರೆಯಿತು.